ಬ್ಯಾರಕಿನ ಹೊಲಿಗೆ ತರಗತಿ

೧೯೭೭ರ ಬೇಸಿಗೆಯಲ್ಲಿ ಚಿತ್ತಾಪುರ ತಾಲೂಕಿನ ಒಂದೂರಿನ ಹೊಲಿಗೆ ತರಬೇತಿ ಕೇಂದ್ರಕ್ಕೆ ಅರ್ಧದಷ್ಟು ಹೆಂಗಸರು ಬರುವುದನ್ನು ನಿಲ್ಲಿಸಿದರು. ಕೇಂದ್ರವಿದ್ದುದು ನಿಜಾಮರ ಕಾಲದ ಸಿಪಾಯಿಗಳ ಬ್ಯಾರಕಿನಲ್ಲಿ. ಒಳಗೆ ಏನೋ ಇದೆ ಎಂಬುದು ಅವರು ಕೊಟ್ಟ ಕಾರಣ. ಜಿಲ್ಲಾ ಪತ್ರಿಕೆಯೊಂದರ ವರದಿಗಾರನಾಗಿದ್ದ ನಾನು ಇಂಥದ್ದನ್ನು ನಂಬಿದವನಲ್ಲ. ದೆವ್ವ ಕಂಡವರನ್ನು ಎಷ್ಟು ದೂರದಿಂದ ಕಂಡಿರಿ ಎಂದು ಕೇಳಿದರೆ ಹೆಚ್ಚಿನ ದೆವ್ವಗಳು ಅಲ್ಲೇ ಕರಗಿಬಿಡುತ್ತಿದ್ದವು.

ಬ್ಯಾರಕು ಶಹಾಬಾದಿ ಕಲ್ಲು ಹಾಸಿದ ಉದ್ದನೆಯ ಪಡಸಾಲೆ. ೧೯೪೮ರ ಪೊಲೀಸ್ ಕಾರ್ಯಾಚರಣೆಯ ಬಳಿಕ ಸಿಪಾಯಿಗಳು ಹೋದರು, ಬಲಗಡೆಯ ದೊಡ್ಡ ಬಾಗಿಲನ್ನು ಕಲ್ಲಿಟ್ಟು ಮುಚ್ಚಲಾಯಿತು. ಆ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬ್ಯಾರಕು ಜೋಳದ ಗೋದಾಮಾಯಿತು, ಕೆಲವು ವರ್ಷ ಶಾಲೆಯಾಯಿತು. ಬಂದೂಕು ತೂಗುಹಾಕುತ್ತಿದ್ದ ಗೂಟಗಳಿಗೆ ಮೊದಲು ತಕ್ಕಡಿ, ಆಮೇಲೆ ಪಾಟಿಚೀಲ, ನಾನು ಹೋದಾಗ ಹೊಲಿದ ಲಂಗಗಳು ನೇತಾಡುತ್ತಿದ್ದವು.

ನನ್ನನ್ನು ಕರೆಸಿದ್ದು ಶಿಕ್ಷಕಿ ಹಲೀಮಾಬಿ. ಗಂಡ ತೀರಿಕೊಂಡಿದ್ದ, ಇಬ್ಬರು ಹೆಣ್ಣುಮಕ್ಕಳಿದ್ದರು.

“ನೀವೇ ಕುಂತು ನೋಡ್ರಿ. ಏನೂ ಇಲ್ಲಂತ ಪೇಪರಿನ್ಯಾಗ ಬಂದ್ರ ಹೆಣ್ಮಕ್ಕಳು ತಿರುಗಿ ಬರ್ತಾರ. ಇಲ್ಲಂದ್ರ ಆಫೀಸಿನವ್ರು ಕೀಲಿ ಹಾಕ್ತಾರ, ನಮ್ಮ ಮನ್ಯಾಗ ಒಲಿ ಹತ್ತಂಗಿಲ್ರಿ” ಎಂದರು.

ಮುಂದಿನ ಸಾಲಿನ ಶರಣಮ್ಮ ನಕ್ಕಳು. “ಸಾಹೇಬ್ರು ಕುಂತಾರಂತ ಅದು ನಾಚಿ ಮೂಲಿ ಸೇರತದೇನ್ರಿ ಟೀಚರ್?”

“ಬಾಯಿ ಬಿಟ್ಟು ಕಾಲು ಓಡಸವ್ವ. ನಿನ್ನ ಕುಪ್ಪಸಕ್ಕ ಇನ್ನಾ ಒಂದೇ ತೋಳು ಅದ.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಧ್ಯಾಹ್ನದ ಬಿಸಿಲು ಹೊಸ್ತಿಲವರೆಗೆ ಬಂದಿತ್ತು. ಮಶೀನುಗಳ ಸದ್ದು ಒಂದರ ಮೇಲೊಂದು ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಎರಡು ಪೆಡಲುಗಳು ಒಟ್ಟಿಗೆ ಬಿದ್ದವು, ಆಮೇಲೆ ನಾಲ್ಕು, ಕೊನೆಗೆ ಎಲ್ಲವೂ. ಒಂದೇ ನೆಲದ ಮೇಲೆ ಕೂತು ತುಳಿಯುವವರಿಗೆ ತಾಳ ಕೂಡುವುದು ಸಹಜವೆಂದುಕೊಂಡೆ. ಆದರೆ ಅದು ಹೊಲಿಗೆಯ ಸದ್ದಾಗಿರಲಿಲ್ಲ. ಬೂಟುಗಾಲು ಕಲ್ಲಿಗೆ ಬೀಳುವ ಸದ್ದು. ಹೆಂಗಸರೆಲ್ಲ ಬರಿಗಾಲಿನಲ್ಲಿದ್ದರು.

ಒಮ್ಮೆಗೇ ಎಲ್ಲ ಮಶೀನುಗಳೂ ನಿಂತವು. ಯಾರೂ ನಿಲ್ಲಿಸಿ ಎಂದಿರಲಿಲ್ಲ. ಎಲ್ಲರ ಮುಖ ಬಲಕ್ಕೆ, ಮುಚ್ಚಿದ ಬಾಗಿಲಿನ ಕಡೆಗೆ ತಿರುಗಿತ್ತು. ಕತ್ತರಿ ಹಿಡಿದು ನಿಂತಿದ್ದ ಹಲೀಮಾಬಿಯೂ ಅತ್ತಲೇ ನೋಡುತ್ತಿದ್ದರು. ಎಷ್ಟು ಹೊತ್ತು ಹಾಗಿದ್ದೆವೋ ಹೇಳಲಾರೆ. ಆಮೇಲೆ ಒಂದು ಮಶೀನು ಶುರುವಾಯಿತು, ಮತ್ತೊಂದು, ತಮ್ಮ ತಮ್ಮ ವೇಗದಲ್ಲಿ.

“ಸಾಹೇಬ್ರ, ನೀವ್ಯಾಕ ಎದ್ರಿ?” ಶರಣಮ್ಮ ಕೇಳಿದಳು. ಈ ಸಲ ನಗಲಿಲ್ಲ.

ನಾನು ಎದ್ದು ನಿಂತಿದ್ದೆ. ಹಿಮ್ಮಡಿಗಳು ಕೂಡಿದ್ದವು, ಕೈಗಳು ತೊಡೆಗೆ ಅಂಟಿದ್ದವು, ಪೆನ್ನು ನೆಲದ ಮೇಲೆ ಬಿದ್ದಿತ್ತು. ನಾನು ಸೈನ್ಯದಲ್ಲಿದ್ದವನಲ್ಲ, ಕಾಲೇಜಿನಲ್ಲೂ ಕವಾಯತು ಮಾಡಿದವನಲ್ಲ.

ಹಲೀಮಾಬಿ ಹೊರಬಾಗಿಲವರೆಗೆ ಬಂದರು. “ಏನ್ ಬರೀತೀರಿ?”

“ನೋಡಿದ್ದು.”

“ನೋಡಿದ್ದು ಬರದ್ರ ನಾವು ಉಪಾಸ ಬೀಳ್ತೀವ್ರಿ.”

ಕೇಂದ್ರದಲ್ಲಿ ತರಗತಿ ನಡೆಯುತ್ತಿದೆ, ಯಂತ್ರಗಳು ಸುಸ್ಥಿತಿಯಲ್ಲಿವೆ, ಹೊಸಬರಿಗೆ ಪ್ರವೇಶವಿದೆ ಎಂದು ಚಿಕ್ಕ ಸುದ್ದಿ ಕಳಿಸಿದೆ. ಅದರಲ್ಲಿ ಸುಳ್ಳು ಇರಲಿಲ್ಲ. ಹೆಂಗಸರು ಮರಳಿದರು. ಹಲೀಮಾಬಿಯ ಸಂಬಳ ನಿಲ್ಲಲಿಲ್ಲ.

ಕೆಲವು ವರ್ಷಗಳ ನಂತರ ಕೇಂದ್ರ ಸೇಡಂಗೆ ಹೋಯಿತು, ಬ್ಯಾರಕಿಗೆ ಗೊಬ್ಬರದ ಚೀಲಗಳು ಬಂದವು. ಹಲೀಮಾಬಿಗೆ ಅಲ್ಲಿಯೂ ಅದೇ ಕೆಲಸ ಕೊಟ್ಟಿದ್ದರು, ಆಕೆ ಹೋಗಲಿಲ್ಲ. ಈಗ ಮನೆಯಲ್ಲೇ ಕುಪ್ಪಸಗಳಿಗೆ ಗುಂಡಿ, ಕಾಜಾ ಹಾಕಿಕೊಡುತ್ತಾರೆ, ಎಲ್ಲವೂ ಕೈಹೊಲಿಗೆ. ಮಗಳು ಕೊಡಿಸಿದ ಮಶೀನು ಕಿಟಕಿಯ ಪಕ್ಕದಲ್ಲಿದೆ. ಅದರ ಪೆಡಲನ್ನು ಬಿಚ್ಚಿಸಿಟ್ಟಿದ್ದಾರೆ.