ಬಂದರ್‌ನಲ್ಲಿ ಉಗುರು ಒತ್ತಿದ್ದು

ಕಾಶ್ಮೀರದಲ್ಲಿ ಸ್ಕೀ ಆಡುವವರ ಚಿಕಿತ್ಸಾ ಕೊಠಡಿಯಲ್ಲಿ ಚಳಿಗಾಲವಿಡೀ ನರ್ಸ್ ಆಗಿದ್ದೆ. ಮರಗಟ್ಟಿದ ಬೆರಳಿನ ಉಗುರು ಒತ್ತಿ ಬಿಡುವುದು, ಕೆಂಪು ಬೇಗ ಮರಳದಿದ್ದರೆ ಅವತ್ತಿಗೆ ಆಟ ಬಂದ್ ಎನ್ನುವುದು ನನ್ನ ದಿನಚರಿ.

ಇವತ್ತು ಬೆಳಿಗ್ಗೆ ಮಂಗಳೂರಿನಲ್ಲಿ ರೈಲಿಳಿದು, ಮನೆಗೆ ಮೀನು ಒಯ್ಯೋಣವೆಂದು ಬಂದರ್‌ಗೆ ಹೋದೆ. ಮಾರುವ ಹೆಂಗಸು ಐಸಿನೊಳಗೆ ಕೈ ಹಾಕಿ ಬಂಗುಡೆಯೊಂದನ್ನು ತೆಗೆದು, ತಾಜಾ ಎಂದು ಕಿವಿರಿನ ಕೆಂಪು ತೋರಿಸಲು ಮುಂದೆ ಹಿಡಿದರು. ನಾನು ಮೀನು ಬಿಟ್ಟು ಅವರ ಬಿಳಿಚಿದ ಬೆರಳು ಹಿಡಿದು ಉಗುರು ಒತ್ತಿದೆ.

“ಮೀನಿನ ಕಿವಿ ನೋಡಿ ಅಕ್ಕ, ನನ್ನ ಕೈ ಎಂತಕ್ಕೆ?”

“ಮರಗಟ್ಟಿದೆ. ಇವತ್ತು ಐಸ್ ಮುಟ್ಟಬೇಡಿ.”

“ಮತ್ತೆ ಮೀನು ಯಾರು ಮುಟ್ಟುವುದು?”

ಬೆರಳು ಬಿಟ್ಟೆ. ಉಗುರು ಬೆಳ್ಳಗೇ ಇತ್ತು. ಅವರೂ ಬಗ್ಗಿ ನೋಡಿದರು.

“ಎಂತ, ಫ್ರೆಶ್ ಇಲ್ವಾ?”