ಎರಡು ಸಾವಿರದ ಫ್ರಿಜ್

ಬಟವಾಡಿಯ ನಮ್ಮ ಬಾಡಿಗೆ ಮನೆಯ ಓನರ್ ಆಂಟಿ ಸೆರಗು ಸೊಂಟಕ್ಕೆ ಸಿಕ್ಕಿಸಿ "ಹೇಳಿದ್ಮೇಲೆ ಮುಗೀತು" ಎಂದರೆ ಚರ್ಚೆ ಅಲ್ಲಿಗೆ ನಿಲ್ಲುತ್ತಿತ್ತು. ಒಮ್ಮೆ ಆನ್‌ಲೈನಿನಲ್ಲಿ ಎರಡು ಸಾವಿರಕ್ಕೆ ಫ್ರಿಜ್ ಬುಕ್ ಮಾಡಿ, ಹಳೆಯದನ್ನು ಅಂದೇ ಗುಬ್ಬಿಯಲ್ಲಿರುವ ತಂಗಿಗೆ ಸಾಗಿಸಿದರು. ಮರುದಿನ, ಬೆಲೆ ತಪ್ಪಾಗಿ ಹಾಕಿದ್ದೆವೆಂದು ಕಂಪನಿ ಆರ್ಡರ್ ರದ್ದು ಮಾಡಿತು. ಇತ್ತ ಅಡುಗೆಮನೆಯಲ್ಲಿ ಹಾಲು ಒಡೆಯಿತು. ಆಂಟಿ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ರೇಟು ಮಿಸ್ಟೇಕ್ ಆಗಿತ್ತು ಮೇಡಂ. ದುಡ್ಡು ವಾಪಸ್ ಬರುತ್ತೆ."

"ಮಿಸ್ಟೇಕ್ ನಿಮ್ದು, ಫ್ರಿಜ್ ನಂದು ಕಣಪ್ಪ. ನಾನೂ ಬಾಯ್ತಪ್ಪಿ ಏಳು ಸಾವಿರ ಬಾಡಿಗೆ ಮನೇನ ಐದು ಅಂದ್ಬಿಟ್ಟೆ. ಹೇಳಿದ್ಮೇಲೆ ಮುಗೀತು. ಈ ಹುಡ್ಗಿ ಇನ್ನೂ ಅಷ್ಟಕ್ಕೇ ಇದಾಳೆ, ನೋಡು," ಎಂದು ಅವನಿಗೆ ಕಾಣುತ್ತದೆಂಬಂತೆ ನನ್ನತ್ತ ಬೆರಳು ಮಾಡಿದರು. "ಫ್ರಿಜ್ ಕೊಡ್ದಿದ್ರೆ ಗ್ರಾಹಕರ ಕೋರ್ಟಿಗೆ ಹೋಗ್ತೀನಿ."

ಅವನು ದನಿ ತಗ್ಗಿಸಿದ. "ಆಂಟಿ, ಆ ರೇಟಿಗೆ ಇನ್ನೊಂದು ಮನೆ ಇದ್ಯಾ?"

"ಮೊದ್ಲು ಫ್ರಿಜ್ ಕಳ್ಸು. ಆಮೇಲೆ ಮನೆ ತೋರಿಸ್ತೀನಿ."