ದೀಪ ಹಚ್ಚುವ ಮೊದಲು ಹಾಕಿದ ಹಲಗೆಗಳು

ಸೊರಬದ ಹಳೆಯ ಪೇಟೆ ಬೀದಿಯನ್ನು ಅದರ ಚಹರೆ ಕೆಡದಂತೆ ದುರಸ್ತಿ ಮಾಡುತ್ತಾರೆಂದು ಕೇಳಿದಾಗ ನಾನು ಮಗುವಿನಂತೆ ಹಿಗ್ಗಿದ್ದೆ. 'ಹೆರಿಟೇಜ್ ಸ್ಟ್ರೀಟ್' ಎಂಬ ಮಾತು ನನ್ನ ಕಾನ್ವೆಂಟ್ ಕಿವಿಗೆ ಅಷ್ಟು ಹಿತವಾಗಿತ್ತು. ಅಣ್ಣನ ಜವಳಿ ಅಂಗಡಿಗೆ ಶಟರ್ ಇಲ್ಲ. ಹೊಸ್ತಿಲಲ್ಲಿ ಕೊರೆದ ಜಾಡಿನಲ್ಲಿ ಒಂದೊಂದಾಗಿ ಸರಿಸುವ ಮರದ ಹಲಗೆಗಳಿವೆ. ಅಪ್ಪನ ಕಾಲದವು. ಅವು ಭದ್ರವಾಗಿ ಮುಚ್ಚಿದರೆ ಮಾತ್ರ ಉಳಿಸುತ್ತೇವೆ, ಇಲ್ಲದಿದ್ದರೆ ಕಿತ್ತು ಶಟರ್ ಹಾಕಿಸುತ್ತೇವೆ ಎಂದಿದ್ದರು ಇಂಜಿನಿಯರ್.

ಬೆಳಿಗ್ಗೆ ಬರಬೇಕಾದವರು ಬಂದದ್ದು ಮುಸ್ಸಂಜೆಗೆ. ಬೈಕಿನಿಂದ ಇಳಿಯಲೂ ಇಲ್ಲ.

"ಮುಚ್ಚಿ ತೋರಸ್ರಿ ಯಜಮಾನ್ರ, ನಾ ಶಿಕಾರಿಪುರ ಮುಟ್ಟಬೇಕು."

ಅಣ್ಣ ಕೈಕಟ್ಟಿ ನಿಂತ. "ಈಗ ಆಗಲ್ಲ ಸಾಹೇಬ್ರೆ. ದೀಪ ಹಚ್ಚೋ ಹೊತ್ತು. ಲಕ್ಷ್ಮಿ ಬರೋವಾಗ ಯಾರಾದ್ರೂ ಬಾಗ್ಲು ಹಾಕ್ತಾರಾ?"

"ಹಂಗಾರ ಶಟರ್ ಅಂತ ಬರಕೊಳ್ಳಲೇನ್ರಿ?"

ಎದುರಿನ ಪಾತ್ರೆ ಅಂಗಡಿಯವರು ಕೂಗಿದರು: "ಹಾಕ್ಸಿ ಮಾರಾಯ್ರೆ! ನಮ್ಮ ಶಟರ್ ಸದ್ದಿಗೆ ಲಕ್ಷ್ಮಿಯೇನು ಹೆದರಿ ಓಡ್ಲಿಲ್ಲ."

"ಬಂದಿದ್ರೆ ತಾನೆ ಓಡೋದು!" ಅಣ್ಣ ಗುಡುಗಿದ.

ಇಂಜಿನಿಯರ್ ಪೆನ್ನು ತೆಗೆದರು. ಒಳಗೆ ಅತ್ತಿಗೆ ದೀಪಕ್ಕೆ ಎಣ್ಣೆ ಬಗ್ಗಿಸಿ ಬೆಂಕಿಪೊಟ್ಟಣ ಎತ್ತಿಕೊಂಡಿದ್ದರು. ನಾನು ಅವರ ಕೈ ಹಿಡಿದೆ.

"ಒನ್ ಮಿನಿಟ್, ಅತ್ತಿಗೆ. ಅಣ್ಣಾ, ದೀಪ ಇನ್ನೂ ಹಚ್ಚೇ ಇಲ್ಲ. ಹಚ್ಚದೆ ಹೊತ್ತು ಹ್ಯಾಗಾಯ್ತು?"

"ಕಾನ್ವೆಂಟ್ ಬುದ್ಧಿ," ಎಂದು ಗೊಣಗಿದರೂ ಅಣ್ಣ ಮೊದಲ ಹಲಗೆ ಎತ್ತಿದ.

ಒಂದೊಂದು ಹಲಗೆಗೂ ಬೀದಿ ಅಷ್ಟಷ್ಟೇ ಮರೆಯಾಯಿತು. ಅತ್ತಿಗೆ, ನಾನು ಒಳಗೇ ಉಳಿದೆವು. ಮಳೆಗೆ ಉಬ್ಬಿದ್ದ ಕೊನೆಯ ಹಲಗೆ ಜಾಡಿನಲ್ಲಿ ಅರ್ಧಕ್ಕೇ ಕಚ್ಚಿಕೊಂಡಿತು. ಹೊರಗೆ ಅಣ್ಣನ ಏದುಸಿರು, ಬೈಕ್ ಸ್ಟಾರ್ಟ್ ಆದ ಸದ್ದು. ಕೈಗೆ ಸಿಕ್ಕಿದ್ದು ಹಚ್ಚದ ದೀಪ. ಅದರ ಎಣ್ಣೆಯನ್ನೆಲ್ಲ ಹೊಸ್ತಿಲ ಜಾಡಿನುದ್ದಕ್ಕೂ ಸುರಿದುಬಿಟ್ಟೆ.

"ಈಗ ತಳ್ಳು ಅಣ್ಣಾ!"

ಹಲಗೆ ಸರಕ್ಕನೆ ಬಂದು ಕೂತಿತು. ಕತ್ತಲೆ. ಇಂಜಿನಿಯರ್ ಕೊನೆಗೂ ಬೈಕಿನಿಂದ ಇಳಿದು ಬಂದು ಹೊರಗಿನಿಂದ ಹಲಗೆಯನ್ನು ಗುದ್ದಿ ನೋಡಿದರು. "ಗಟ್ಟಿ ಐತ್ರಿ. ಇರಲಿ ಬಿಡ್ರಿ, ಇದನ್ನ ಕೀಳೋದಿಲ್ಲ."

ಬೈಕ್ ಹೋಯಿತು. ಅಣ್ಣ ಆತುರದಿಂದ ಹಲಗೆ ತೆಗೆದು ಒಳಗೆ ಬಂದ. "ದೀಪ?"

ಅತ್ತಿಗೆ ಖಾಲಿ ಹಣತೆ ತೋರಿಸಿದರು. ಅಂಗಡಿಯಲ್ಲಿ ಬೇರೆ ಎಣ್ಣೆ ಇರಲಿಲ್ಲ. ಮುಸ್ಸಂಜೆಯಲ್ಲಿ ಎಣ್ಣೆಯನ್ನು ಯಾರೂ ಇನ್ನೊಬ್ಬರಿಗೆ ಕೊಡುವುದಿಲ್ಲ, ಕೇಳುವವರೂ ಇಲ್ಲ. ಅಣ್ಣನ ಮುಖ ನೋಡಲಾಗದೆ ನಾನು ಹೊಸ್ತಿಲು ನೋಡುತ್ತ ನಿಂತೆ.

ಆಗ ಖಾಲಿ ಹಣತೆ ಕಂಡು ಬೀದಿ ದಾಟಿ ಬಂದವರು ಎದುರಿನ ಪಾತ್ರೆ ಅಂಗಡಿಯವರು, ಕೈಯಲ್ಲಿ ಎಣ್ಣೆಗಿಂಡಿ.

"ದೀಪದ ಹೊತ್ತಲ್ಲಿ ಎಣ್ಣೆ ಕೊಡಬಾರ್ದು ಅಂತಾರೆ. ಆದ್ರೆ ನಿಮ್ಮಲ್ಲಿ ಇನ್ನೂ ಹೊತ್ತಾಗಿಲ್ವಲ್ಲ ಮಾರಾಯ್ರೆ!"

ಅಣ್ಣ ನಗಲಿಲ್ಲ. ಗಿಂಡಿಯನ್ನು ಮಾತ್ರ ಎರಡೂ ಕೈಯಲ್ಲಿ ತೆಗೆದುಕೊಂಡ.